ಕೆಳಗಿನ ಕೈಗಳ ಭರವಸೆ: ಕಾರವಾರದ ಒಂದು ಚಿಯರ್‌ಲೀಡಿಂಗ್ ತರಗತಿ

ಕಾರವಾರ ಪೇಟೆಯ ಒಂದು ಸಭಾಭವನದ ಮೇಲಂತಸ್ತಿನಲ್ಲಿ ವಾರಕ್ಕೆ ಮೂರು ಸಂಜೆ ನಡೆಯುವ ಚಿಯರ್‌ಲೀಡಿಂಗ್ ತರಗತಿಗೆ ನನ್ನ ಮಗಳು ಹೋಗತೊಡಗಿ ಹದಿನಾಲ್ಕು ತಿಂಗಳಾಯಿತು. ಈ ಅವಧಿಯಲ್ಲಿ ಎರಡು ಮಳೆಗಾಲ, ಒಂದು ಸ್ಪರ್ಧೆ ಮತ್ತು ಒಂದು ಮಣಿಕಟ್ಟಿನ ಉಳುಕು ಕಂಡಿದ್ದೇವೆ. ನಡೆಸುವವರು ತಮ್ಮ ಹೆಸರು ಹಾಕುವುದು ಬೇಡವೆಂದದ್ದರಿಂದ ಹಾಕಿಲ್ಲ. ನಮ್ಮದು ಚಿಕ್ಕ ಊರು, ವಿಚಾರಿಸಿದವರಿಗೆ ಸಿಕ್ಕೇ ಸಿಗುತ್ತದೆ. ಸೇರುವಾಗ ಕೊಟ್ಟ ಕರಪತ್ರದಲ್ಲಿ "ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಸುತ್ತೇವೆ" ಎಂದು ಅಚ್ಚು ಹಾಕಿಸಿದ್ದರು. ಈಗ ಎಲ್ಲ ತರಗತಿಗಳ ಕರಪತ್ರದಲ್ಲೂ ಆ ಸಾಲು ಇರುತ್ತದೆ. ಇಲ್ಲಿ ಅದು ಎಷ್ಟರ ಮಟ್ಟಿಗೆ ನಿಜವಾಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು, ಮಕ್ಕಳನ್ನು ಸೇರಿಸುವ ಯೋಚನೆಯಲ್ಲಿರುವ ಪಾಲಕರಿಗಾಗಿ ಬರೆಯುತ್ತಿದ್ದೇನೆ.

ಚಿಯರ್‌ಲೀಡಿಂಗ್ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಬರುವುದು 2008ರಲ್ಲಿ ಐಪಿಎಲ್ ಜೊತೆಗೆ ಟಿವಿಯಲ್ಲಿ ಕಾಣಿಸಿದ ಬೌಂಡರಿ ಗೆರೆಯಾಚೆಯ ಕುಣಿತ. ನಮ್ಮ ಮನೆಯಲ್ಲೂ ಅತ್ತೆಯವರು ಅದನ್ನೇ ನೆನೆದು ಬೇಸರ ಪಟ್ಟಿದ್ದರು. ಸ್ಪರ್ಧೆಯ ಚಿಯರ್‌ಲೀಡಿಂಗ್ ಬೇರೆಯೇ ಆಟ. 1898ರ ನವೆಂಬರ್‌ನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ್ದರಿಂದ ಮೊದಲಾದ ಪದ್ಧತಿ, ಇಂದು ಹೆಚ್ಚೆಂದರೆ ಎರಡೂವರೆ ನಿಮಿಷದ ಸಂಗೀತಕ್ಕೆ ಲಾಗ, ಎತ್ತುಗೆ, ಪಿರಮಿಡ್ಡು, ಕುಣಿತ ಎಲ್ಲವನ್ನೂ ಹೊಂದಿಸಿ ತೀರ್ಪುಗಾರರ ಮುಂದೆ ತೋರಿಸುವ ಕ್ರೀಡೆಯಾಗಿ ಬೆಳೆದಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ತಾತ್ಕಾಲಿಕ ಮಾನ್ಯತೆಯನ್ನೂ 2021ರಲ್ಲಿ ಪೂರ್ಣ ಮಾನ್ಯತೆಯನ್ನೂ ಇದರ ಜಾಗತಿಕ ಒಕ್ಕೂಟಕ್ಕೆ ನೀಡಿತು. ಇಷ್ಟನ್ನು ವಿವರಿಸಿದ ಮೇಲೆ ಅತ್ತೆಯವರು ಒಂದು ಸಂಜೆ ತಾವೇ ಬಂದು ಕುಳಿತು ನೋಡಿದರು, ಆಮೇಲೆ ಬೇಡವೆನ್ನಲಿಲ್ಲ.

ನನ್ನ ಮಗಳಿಗೆ ಹದಿಮೂರು ವರ್ಷ. ಮೇಲೆ ನಿಲ್ಲುವವಳಾಗಬೇಕೆಂಬ ಆಸೆಯಿಂದ ಸೇರಿದವಳನ್ನು ಎತ್ತರ ಮತ್ತು ಗಟ್ಟಿಮುಟ್ಟು ನೋಡಿ ಕೆಳಗೆ ನಿಲ್ಲಿಸಿದರು. ಮೇಲೆ ಹೋಗುವವಳು ಫ್ಲೈಯರ್. ಅವಳ ಒಂದೊಂದು ಪಾದವನ್ನು ಒಬ್ಬೊಬ್ಬಳು ಹಿಡಿಯುತ್ತಾಳೆ, ಅವರು ಬೇಸ್. ಹಿಂದೆ ನಿಂತು ಹರಡು ಹಿಡಿದು ಎಣಿಕೆ ಕೊಡುವವಳು ಬ್ಯಾಕ್ ಸ್ಪಾಟ್. ಮೊದಲ ವಾರ ಮಗಳು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದಳು. ಎಲ್ಲರೂ ನೋಡುವುದು ಮೇಲಿನವಳನ್ನಲ್ಲವೇ ಎಂಬುದು ಅವಳ ಸಂಕಟ, ನಿಜ ಹೇಳಬೇಕೆಂದರೆ ನನ್ನದೂ ಅದೇ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಅವಳೇ ನನಗೆ ಹೇಳಿದ ಮಾತಿನಿಂದ ಈ ಆಟದ ಗುಟ್ಟು ತಿಳಿಯಿತು: "ಆಯಿ, ನನ್ನ ಕೈ ನಡುಗಿದ್ರೆ ನನಗಿಂತ ಮೊದಲು ಮೇಲಿದ್ದವಳಿಗೆ ಗೊತ್ತಾಗ್ತದೆ."

ಮರುದಿನ ನಾನು ಹತ್ತಿರ ಕುಳಿತು ಅದನ್ನೇ ಗಮನಿಸಿದೆ. ಮಗಳ ಒಂದು ಕೈ ಗೆಳತಿಯ ಹಿಮ್ಮಡಿಯ ಅಡಿಯಲ್ಲಿ, ಇನ್ನೊಂದು ಬೆರಳುಗಳ ಬುಡದಲ್ಲಿ. ಎತ್ತುವ ಶಕ್ತಿ ಬರುವುದು ತೊಡೆಯಿಂದ, ತೋಳಿನಿಂದಲ್ಲ. ಕುಕ್ಕರಿಸಿ ಎದ್ದ ಗತಿಯಲ್ಲೇ ಪಾದ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಂತ ಮೇಲೆ ಫ್ಲೈಯರ್ ಮಂಡಿ ಬಿಗಿಹಿಡಿದು, ಮೈಯನ್ನು ಒಂದೇ ಕೋಲಿನಂತೆ ಸೆಟೆಸಿ, ದೃಷ್ಟಿಯನ್ನು ಎದುರಿಗೆ ನೆಡಬೇಕು. ಕೆಳಗೆ ನೋಡಿದಳೋ ಕತ್ತು ಬಾಗುತ್ತದೆ, ಕತ್ತಿನ ಹಿಂದೆ ಸೊಂಟ ಬಾಗುತ್ತದೆ, ಭಾರವೆಲ್ಲ ಒಂದೇ ಕೈಗೆ ಬೀಳುತ್ತದೆ. ಅಂದರೆ ತನ್ನನ್ನು ಹೊತ್ತವರನ್ನು ನೋಡದೆಯೇ ನಂಬುವುದು ಅವಳ ಕೆಲಸ, ಆ ನಂಬಿಕೆಗೆ ತಕ್ಕಂತೆ ಅಲುಗದೆ ಇರುವುದು ಕೆಳಗಿನವರ ಕೆಲಸ. ಇದನ್ನು ಧೈರ್ಯ ಎನ್ನುವುದಕ್ಕಿಂತ ಭರವಸೆ ಎನ್ನುವುದು ಸರಿ. ಧೈರ್ಯ ಒಬ್ಬಳಿಗೇ ಇರಬಹುದು. ಭರವಸೆಗೆ ನಾಲ್ಕು ಜನ ಬೇಕು. ಇಲ್ಲಿ ಯಾರೂ ಯಾರಿಗೂ ಕೈಕೊಡುವಂತಿಲ್ಲ.

ತರಬೇತಿ ನೀಡುವ ಮೇಡಂ ಅವರ ದೊಡ್ಡ ಗುಣವೆಂದರೆ ಅವಸರವಿಲ್ಲದಿರುವುದು. ಮೊದಲ ಐದು ವಾರ ಯಾರನ್ನೂ ಭುಜದ ಮಟ್ಟಕ್ಕೆ ಎತ್ತಿಸಲಿಲ್ಲ. ಬಾಗಿ ನಿಂತವರ ತೊಡೆಯ ಮೇಲೆ ನಿಲ್ಲುವುದು, ಅಲ್ಲಿಂದ ಇಳಿಯುವುದು, ಬೀಳುವವಳ ತಲೆ ಮತ್ತು ಬೆನ್ನು ನೆಲ ಮುಟ್ಟುವ ಮೊದಲೇ ಅವಳನ್ನು ಹಿಡಿಯುವುದು, ಇಷ್ಟೇ ಅಭ್ಯಾಸ. ಎತ್ತುವುದಕ್ಕಿಂತ ಮೊದಲು ಹಿಡಿಯುವುದನ್ನು ಕಲಿಸುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ನನ್ನ ಅಜ್ಜ ಯಕ್ಷಗಾನದ ವೇಷಧಾರಿ. ಮೇಳಕ್ಕೆ ಸೇರಿದ ಹುಡುಗರು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ, ಪ್ರಸಂಗ ಆರಂಭವಾಗುವ ಮೊದಲೇ ರಂಗಸ್ಥಳದ ಬೆಳಕಿಗೂ ಚೆಂಡೆಯ ಸದ್ದಿಗೂ ಮೈ ಒಗ್ಗಿಸಿಕೊಳ್ಳುತ್ತಿದ್ದರೆಂದು ಹೇಳುತ್ತಿದ್ದರು. ಸಭಾಕಂಪ ಬಿಡಿಸುವುದಕ್ಕೆ ಹಿರಿಯರು ಭಾಷಣ ಮಾಡಲಿಲ್ಲ, ಸಣ್ಣ ವೇಷ ಕೊಟ್ಟರು. ಈ ಸಭಾಭವನದಲ್ಲೂ ನಡೆಯುತ್ತಿರುವುದು ಅದೇ ಕ್ರಮ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, "ಇದು ನನ್ನಿಂದ ಆಗುತ್ತದೆ" ಎಂಬ ನಂಬಿಕೆ ನಾಲ್ಕು ಮೂಲಗಳಿಂದ ಬರುತ್ತದೆ: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಹುರಿದುಂಬಿಕೆ, ಮತ್ತು ಎದೆಬಡಿತ, ಬೆವರಿನಂಥ ಮೈಯ ಸೂಚನೆಗಳನ್ನು ತಾನು ಹೇಗೆ ಅರ್ಥ ಮಾಡಿಕೊಂಡೆ ಎಂಬುದು. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಬರೀ ಮಾತಿನಿಂದ ತುಂಬಿದ ವಿಶ್ವಾಸ ಒಂದು ಸೋಲಿಗೇ ಸೋರಿಹೋಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಮನದಟ್ಟಾದದ್ದು ಕಳೆದ ಫೆಬ್ರುವರಿಯಲ್ಲಿ.

ಮೇಡಂ ಊರಲ್ಲಿಲ್ಲದ ಒಂದು ವಾರ ಸಹಾಯಕರೊಬ್ಬರು ತರಗತಿ ನೋಡಿಕೊಂಡರು. ಹಿಂದಕ್ಕೆ ಹಾರಿ ಕೈಯೂರಿ ಏಳುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗನ್ನು ಮಗಳು ಅಲ್ಲಿಯವರೆಗೆ ಬೆನ್ನಿಗೆ ಕೈಕೊಟ್ಟು ಹಿಡಿಯುವವರಿದ್ದಾಗ ಮಾತ್ರ ಮಾಡಿದ್ದಳು. ಆ ದಿನ ಒಬ್ಬಳೇ ಮಾಡೆಂದರು. ಅವಳು ಹಿಂಜರಿದಾಗ, "ಎಲ್ಲರೂ ಮಾಡಿದ್ರು, ನೀನೊಬ್ಬಳೇ ಹೆದರೂದಾ? ಆತ್ಮವಿಶ್ವಾಸ ಇಟ್ಕೊ" ಎಂದರು. ಹತ್ತಾರು ಮಕ್ಕಳ ಎದುರು ನಾಚಿಕೆಗೆ ಸಿಕ್ಕಿದ ಹುಡುಗಿ ಹಾರಿದಳು; ನಡುವೆಯೇ ಮನಸ್ಸು ಹಿಂತೆಗೆದಳು. ಅರ್ಧ ಮನಸ್ಸಿನ ಲಾಗದಷ್ಟು ಅಪಾಯದ್ದು ಬೇರೊಂದಿಲ್ಲ: ಹಾರಿಕೆ ಗಿಡ್ಡವಾಯಿತು, ಮೊಣಕೈ ಮಡಚಿತು, ಭಾರವೆಲ್ಲ ಬಲ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ಮೂರು ವಾರ ಪಟ್ಟಿ ಕಟ್ಟಿಕೊಂಡಿದ್ದಳು. ಪಟ್ಟಿ ಬಿಚ್ಚಿದ ಮೇಲೂ ಎರಡು ತಿಂಗಳು ಆ ಲಾಗ ಅವಳಿಂದಾಗಲಿಲ್ಲ. ಓಡಿ ಬಂದು, ಬೆನ್ನು ತಿರುಗಿಸಿ, ಕೈ ಎತ್ತಿ, ಹಾಗೆಯೇ ನಿಂತುಬಿಡುತ್ತಿದ್ದಳು. ನೋಡುತ್ತಿದ್ದ ನನ್ನ ಕರುಳು ಹಿಂಡಿದಂತಾಗುತ್ತಿತ್ತು.

ಇದು ಹೇಡಿತನವಲ್ಲ. ಟೋಕಿಯೊ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯ ನಡುವೆ ಸಿಮೋನ್ ಬೈಲ್ಸ್ ಅವರಂಥ ಜಿಮ್ನಾಸ್ಟ್ ಹಿಂದೆ ಸರಿದದ್ದು ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅರಿವೇ ಕಳೆದುಹೋಗುವ ಸ್ಥಿತಿಯಿಂದಾಗಿ. ಅವರೇ 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಮರಳಿ ಬಂದ ಮೇಡಂ ಮಾಡಿದ ಉಪಾಯ ನನಗೆ ಇಂದಿಗೂ ಕೃತಜ್ಞತೆಯ ವಿಷಯ. ಅವರು ಆ ಸಹಾಯಕರ ಪರವಾಗಿ ನಮ್ಮಲ್ಲಿ ಕ್ಷಮೆ ಕೇಳಿದರು, ಮಗಳಿಗೆ ಆ ಲಾಗದ ಹೆಸರೆತ್ತಲೇ ಇಲ್ಲ. ಇಳಿಜಾರು ಚಾಪೆಯ ಮೇಲೆ ಬರೀ ಹಿಂದಕ್ಕೆ ವಾಲುವುದು, ಗೋಡೆಗೆ ಕಾಲು ಕೊಟ್ಟು ಕೈಮೇಲೆ ನಿಲ್ಲುವುದು, ಆಮೇಲೆ ಇಬ್ಬರು ಹಿಡಿದು, ಒಬ್ಬರು ಹಿಡಿದು, ಕೊನೆಗೆ ಬೆನ್ನಿಗೆ ಎರಡು ಬೆರಳು ಮಾತ್ರ ತಾಗಿಸಿ. ಆ ಎರಡು ಬೆರಳು ಯಾವ ದಿನ ಇರಲಿಲ್ಲವೆಂದು ಮಗಳಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು.

ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಒಂದು ಸ್ಪರ್ಧೆಗೆ ಹೋಗಿದ್ದಾಗ ಈ ಕಲಿಕೆಯ ಇನ್ನೊಂದು ಮುಖ ಕಂಡಿತ್ತು. ಎರಡನೆಯ ಎತ್ತುಗೆಯಲ್ಲಿ ನಮ್ಮ ಮಕ್ಕಳ ಫ್ಲೈಯರ್ ವಾಲಿದಳು. ಮೂವರೂ ಕೂಡಿ ಅವಳನ್ನು ತೋಳಲ್ಲಿ ಹಿಡಿದು ಇಳಿಸಿದರು. ಬ್ಯಾಕ್ ಸ್ಪಾಟ್ ಹುಡುಗಿ ಎಣಿಕೆ ನಿಲ್ಲಿಸಲಿಲ್ಲ, "ಏಳು, ಎಂಟು" ಎಂದದ್ದು ನಮಗೂ ಕೇಳಿಸಿತು, ಮುಂದಿನ ಒಂದಕ್ಕೆ ನಾಲ್ವರೂ ತಮ್ಮ ಜಾಗದಲ್ಲಿದ್ದರು. ಅಂಕ ಹೋಯಿತು, ಆಟ ಉಳಿಯಿತು. ವಿಚಾರಿಸಿದಾಗ ತಿಳಿದದ್ದು: ವಾರಕ್ಕೊಮ್ಮೆ ಮೇಡಂ ಬೇಕೆಂದೇ ನಡುವೆ ಒಂದು ಎತ್ತುಗೆಯನ್ನು ಇಳಿಸಿಬಿಡಲು ಸನ್ನೆ ಮಾಡುತ್ತಾರೆ, ಸಂಗೀತ ನಿಲ್ಲಿಸುವುದಿಲ್ಲ. ತಪ್ಪಿದರೆ ಮುಂದೇನು ಎಂಬುದು ಮೈಗೆ ಗೊತ್ತಿದ್ದ ಮಕ್ಕಳ ಮುಖದಲ್ಲಿ ನಗು ತಾನಾಗಿ ನಿಲ್ಲುತ್ತದೆ. ನಮ್ಮ ನಂತರ ಬಂದ ತಂಡವೊಂದಕ್ಕೆ ನಗುವುದನ್ನು ಚೆನ್ನಾಗಿ ಕಲಿಸಿದ್ದರು, ಆದರೆ ಮೊದಲ ಎಡವಟ್ಟಿಗೇ ಆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟರು. ಪಾಪ, ತಪ್ಪು ಅವರದಲ್ಲ.

ಕೊರತೆಗಳನ್ನೂ ಹೇಳಬೇಕು. ಸಭಾಭವನದ ಛಾವಣಿ ತಗ್ಗು, ಉದ್ದ ಸರಳಿನ ಫ್ಯಾನುಗಳು ಇಳಿಬಿದ್ದಿವೆ. ಭುಜದ ಮಟ್ಟದ ಎತ್ತುಗೆಗೆ ತೊಂದರೆಯಿಲ್ಲ. ಕೈ ಪೂರ್ತಿ ಮೇಲೆ ಚಾಚಿ ಎತ್ತುವುದನ್ನು ಅಲ್ಲಿ ಮಾಡುವಂತಿಲ್ಲವಾದ್ದರಿಂದ ದೊಡ್ಡ ಮಕ್ಕಳ ಪ್ರಗತಿ ಕುಂಟುತ್ತಿದೆ. ಜೂನ್ ಬಂತೆಂದರೆ ಚಾಪೆಗಳಿಗೆ ಬೂಷ್ಟು ಹಿಡಿಯುತ್ತದೆ, ಮುಗ್ಗು ವಾಸನೆ ಬಟ್ಟೆಗೂ ಅಂಟುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಕರಾವಳಿಯ ತೇವಕ್ಕೆ ಅಂಗೈ ಬೆವರಿ ಪಾದ ಜಾರುತ್ತದೆ. ಜಡಿಮಳೆಯ ದಿನಗಳಲ್ಲಿ ಪ್ರತಿ ಎತ್ತುಗೆಗೆ ಮೊದಲು ಕೈ ಒರೆಸುವ ಒಣ ಬಟ್ಟೆಯನ್ನು ಮಕ್ಕಳೇ ಒಯ್ಯಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ, ಮೇಡಂ ಇಲ್ಲದ ದಿನ ಯಾರು ಏನನ್ನು ಕಲಿಸಬಹುದು ಎಂಬುದಕ್ಕೆ ಫೆಬ್ರುವರಿಯವರೆಗೆ ನಿಯಮವೇ ಇರಲಿಲ್ಲ. ಈಗ ಮಾಡಿದ್ದಾರೆ: ಅಂಥ ದಿನ ವ್ಯಾಯಾಮ ಮತ್ತು ಕುಣಿತ ಮಾತ್ರ, ಹೊಸ ಲಾಗವಿಲ್ಲ, ಎತ್ತುಗೆಯಿಲ್ಲ.

ಶುಲ್ಕ ತಿಂಗಳಿಗೆ 1,200 ರೂಪಾಯಿ, ಸ್ಪರ್ಧೆಯ ಉಡುಪಿಗೆ ಬೇರೆ. ಪಾಲಕರು ಒಳಗೆ ಕುಳಿತು ನೋಡಲು ಅಡ್ಡಿಯಿಲ್ಲ. ಮಕ್ಕಳ ತೂಕವನ್ನು ಎಲ್ಲರೆದುರು ಅಳೆಯುವ, ಫ್ಲೈಯರ್ ಆಗಬೇಕಾದರೆ ಊಟ ಬಿಡೆನ್ನುವ ಕೆಟ್ಟ ಚಾಳಿ ಇಲ್ಲಿಲ್ಲ, ಇದನ್ನು ನಾನು ಹದಿನಾಲ್ಕು ತಿಂಗಳು ಕಣ್ಣಿಟ್ಟು ನೋಡಿಯೇ ಬರೆಯುತ್ತಿದ್ದೇನೆ. ಹೊಸ ತಂಡ ಚೌತಿ ಕಳೆದ ಮೇಲೆ ಆರಂಭವಾಗುತ್ತದೆ. ಸೇರಿಸುವ ಮೊದಲು ಒಂದು ಸಂಜೆ ಹೋಗಿ ಕುಳಿತುಕೊಳ್ಳಿ, ಮೇಲೆ ನಿಂತವಳನ್ನು ಬಿಟ್ಟು ಕೆಳಗಿನವರ ಕೈಗಳನ್ನು ನೋಡಿ. ಬಾಗಿಲಿಗೆ ಎಡಬದಿಯ ಗುಂಪಿನಲ್ಲಿ, ಬಲ ಮಣಿಕಟ್ಟಿಗೆ ಇನ್ನೂ ನೀಲಿ ಪಟ್ಟಿ ಸುತ್ತಿಕೊಂಡು ಬರುವವಳೇ ನನ್ನ ಮಗಳು.