ಕಾರ್ಡೈಟ್ ಪೊಯೆಟ್ರಿ ರಿವ್ಯೂ: ಕವಿತೆ ಆರಿಸುವಾಗ ಹೆಸರಿಲ್ಲ, ವಿಮರ್ಶೆಗೆ ಹೆಸರಿದೆ

ಆಸ್ಟ್ರೇಲಿಯಾದ ಇವತ್ತಿನ ಕಾವ್ಯವನ್ನು ಎಲ್ಲಿಂದ ಓದಲು ಶುರು ಮಾಡಬೇಕು ಎಂದು ಕೇಳುವವರಿಗೆ ಮೊದಲು ಹೇಳಬೇಕಾದ ಹೆಸರು ಕಾರ್ಡೈಟ್ ಎಂಬ ಅಂತರ್ಜಾಲ ಕಾವ್ಯ ಪತ್ರಿಕೆಯದು. ಚಂದಾ ಕಟ್ಟಬೇಕಿಲ್ಲ, ಲಾಗಿನ್ ಆಗಬೇಕಿಲ್ಲ. 1997ರಲ್ಲಿ ಸಿಡ್ನಿಯ ಕವಿಗಳಾದ ಪೀಟರ್ ಮಿಂಟರ್ ಮತ್ತು ಏಡ್ರಿಯನ್ ವಿಗಿನ್ಸ್ ಇದನ್ನು ಅಚ್ಚಿನ ಪತ್ರಿಕೆಯಾಗಿ ಆರಂಭಿಸಿದರು. 2001ರಿಂದ ಡೇವಿಡ್ ಪ್ರೇಟರ್ ಸಂಪಾದಿಸಿದರು, 2012ರಲ್ಲಿ ಕೆಂಟ್ ಮೆಕಾರ್ಟರ್ ಹೊಣೆ ಹೊತ್ತರು. ಪತ್ರಿಕೆ ಅಂತರ್ಜಾಲಕ್ಕೆ ಬಂದು ಎರಡು ದಶಕ ದಾಟಿದೆ, ಸಂಚಿಕೆಗಳ ಸಂಖ್ಯೆ ನೂರು ಮೀರಿದೆ. ಕವಿತೆ, ಪುಸ್ತಕ ವಿಮರ್ಶೆ, ಸಂದರ್ಶನ, ಪ್ರಬಂಧ, ಅನುವಾದ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಇವುಗಳಲ್ಲಿ ಕವಿತೆಗಳನ್ನು ಒಂದು ಬಗೆಯಲ್ಲಿ ನಂಬಬಹುದು, ವಿಮರ್ಶೆಗಳನ್ನು ಇನ್ನೊಂದು ಬಗೆಯಲ್ಲಿ ಓದಬೇಕು. ಈ ವ್ಯತ್ಯಾಸ ತಿಳಿದಿದ್ದರೆ ಪತ್ರಿಕೆಯ ಪೂರ್ತಿ ಪ್ರಯೋಜನ ಸಿಗುತ್ತದೆ.

ಕವಿತೆಗಳ ವಿಷಯ ಮೊದಲು. ಪ್ರತಿ ಸಂಚಿಕೆಗೂ ಒಬ್ಬಿಬ್ಬರು ಅತಿಥಿ ಸಂಪಾದಕರು ಇರುತ್ತಾರೆ, ಹೆಚ್ಚಿನ ಸಂಚಿಕೆಗಳಿಗೆ ಒಂದು ವಸ್ತುವೂ ಇರುತ್ತದೆ. ಪತ್ರಿಕೆ ಪ್ರಕಟಿಸಿರುವ ನಿಯಮದಂತೆ ಅವರು ಆಸ್ಟ್ರೇಲಿಯಾದ ಐವರು, ಹೊರದೇಶದ ಐವರು ಕವಿಗಳನ್ನು ನೇರವಾಗಿ ಆಹ್ವಾನಿಸಬಹುದು. ಉಳಿದ ಮೂವತ್ತು, ಮೂವತ್ತೈದು ಕವಿತೆಗಳು ಸಬ್‌ಮಿಟಬಲ್ ಎಂಬ, ಬರಹ ಕಳಿಸುವ ಜಾಲತಾಣದ ಮೂಲಕ ಬಂದವುಗಳಿಂದ ಆಯ್ಕೆಯಾಗುತ್ತವೆ. ಆಯ್ಕೆ ಮುಗಿಯುವವರೆಗೂ ಇವುಗಳಲ್ಲಿ ಯಾವ ಕವಿತೆ ಯಾರದೆಂಬುದು ಸಂಪಾದಕರಿಗೆ ತಿಳಿಯುವುದಿಲ್ಲ. ಎಲ್ಲರಿಗೂ ಎಲ್ಲರ ಪರಿಚಯವಿರುವ ಪುಟ್ಟ ಕಾವ್ಯಲೋಕದಲ್ಲಿ ಇದು ದೊಡ್ಡ ಮಾತು. ಮೊದಲ ಕವಿತೆ ಅಚ್ಚಾಗುತ್ತಿರುವವರೂ ನಾಲ್ಕು ಸಂಕಲನ ತಂದವರೂ ಒಂದೇ ಪಟ್ಟಿಯಲ್ಲಿ ಕಾಣುವುದು ಈ ಕ್ರಮದಿಂದಲೇ. ಹೆಸರಿನ ಪ್ರಶ್ನೆ ಆ ದೇಶದ ಕಾವ್ಯಕ್ಕೆ ಹಳೆಯದು. 1943-44ರಲ್ಲಿ ಜೇಮ್ಸ್ ಮೆಕಾಲಿ ಮತ್ತು ಹೆರಾಲ್ಡ್ ಸ್ಟೂವರ್ಟ್ ಇಬ್ಬರೂ ಸೇರಿ ಎರ್ನ್ ಮ್ಯಾಲಿ ಎಂಬ ಇಲ್ಲದ ಕವಿಯನ್ನು ಹುಟ್ಟಿಸಿ ಅಡಿಲೇಡ್‌ನ ಆಂಗ್ರಿ ಪೆಂಗ್ವಿನ್ಸ್ ಪತ್ರಿಕೆಯನ್ನು ಬೇಸ್ತುಬೀಳಿಸಿದ್ದರು. ಆ ನೆನಪಿನಲ್ಲಿ ಕಾರ್ಡೈಟ್ 'ಮ್ಯಾಲಿಯ ಮಕ್ಕಳು' ಎಂಬ ವಸ್ತುವಿಟ್ಟು ಕವಿಗಳಿಂದ ಸುಳ್ಳು ಹೆಸರಿನಲ್ಲೇ ಬರೆಸಿದ್ದೂ ಉಂಟು.

ಕಳಿಸುವವರು ಎಡವುವುದು ಸಣ್ಣ ಸಂಗತಿಗಳಲ್ಲಿ. ಮೂರು ಕವಿತೆಗಳವರೆಗೆ ಒಂದೇ ಫೈಲಿನಲ್ಲಿ ಇಡಬೇಕು, ಫೈಲಿನೊಳಗೆ ಎಲ್ಲೂ ಹೆಸರು ಇರಬಾರದು. ಕವಿತೆಯ ಕೆಳಗಿನ ಹೆಸರನ್ನು ಅಳಿಸಿದವರು ಪುಟದ ತಲೆಬರಹದಲ್ಲಿರುವುದನ್ನು ಮರೆಯುತ್ತಾರೆ, ಫೈಲಿಗೆ ತಮ್ಮದೇ ಹೆಸರಿಟ್ಟಿರುತ್ತಾರೆ, ವರ್ಡ್‌ನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಜಾಗದಲ್ಲಿ ಹೆಸರು ಉಳಿದಿರುತ್ತದೆ. ಮೂರನ್ನೂ ನೋಡಿಕೊಳ್ಳಿ. ಸಾಲುಗಳು ಪುಟದ ತುಂಬ ಹರಡಿಕೊಂಡ ಕವಿತೆಯಾದರೆ ಪಿಡಿಎಫ್ ಕಳಿಸುವುದು ಕ್ಷೇಮ. ವರ್ಡ್ ಫೈಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬೇರೆ ಫಾಂಟಿನಲ್ಲಿ ತೆರೆದುಕೊಂಡರೆ ಸಾಲಿನ ಮುಂದೆ ಬಿಟ್ಟ ಜಾಗವೆಲ್ಲ ಕಲಸಿಹೋಗುತ್ತದೆ. ಬೇರೆ ಪತ್ರಿಕೆಗೆ ಕಳಿಸಿರುವ ಕವಿತೆಯನ್ನು ಇಲ್ಲಿಗೂ ಕಳಿಸುವಂತಿಲ್ಲ. ತಿರಸ್ಕೃತವಾದರೆ ಕಾರಣ ಬರೆದು ತಿಳಿಸುವುದಿಲ್ಲ. ನಿಯಮಗಳು ಸಂಚಿಕೆಯಿಂದ ಸಂಚಿಕೆಗೆ ಅಷ್ಟಿಷ್ಟು ಬದಲಾಗುವುದುಂಟು, ಆಯಾ ಕರೆಯನ್ನು ಪೂರ್ತಿ ಓದಿಯೇ ಕಳಿಸಬೇಕು. ಗಡುವು ಮೆಲ್ಬೋರ್ನಿನ ಸಮಯದ ಲೆಕ್ಕದಲ್ಲಿ: ಅಲ್ಲಿನ ನಡುರಾತ್ರಿ ನಮ್ಮಲ್ಲಿ ಸಂಜೆ ಏಳೂವರೆ. ಅಕ್ಟೋಬರಿನಿಂದ ಏಪ್ರಿಲ್ ಆರಂಭದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ಆರೂವರೆ. ಕೊನೆಯ ದಿನ ರಾತ್ರಿ ಊಟ ಮುಗಿಸಿ ಕಳಿಸೋಣ ಎಂದರೆ ಆಗದು.

ವಸ್ತು ಕೊಟ್ಟು ಬರೆಸುವ ಪದ್ಧತಿಗೆ ಒಂದು ಬೆಲೆ ಇದೆ. ಕೊಟ್ಟ ವಸ್ತುವಿನ ಪದವನ್ನು ಶೀರ್ಷಿಕೆಯಲ್ಲಿ ತುರುಕಿ ಅವಸರದಲ್ಲಿ ಬರೆದ ಕವಿತೆಗಳು ಪ್ರತಿ ವಸ್ತು ಸಂಚಿಕೆಯಲ್ಲೂ ಕೆಲವಾದರೂ ಇರುತ್ತವೆ. ಹೊಸ ಓದುಗರು ಆಗಾಗ ಬರುವ 'ನೋ ಥೀಮ್' ಸಂಚಿಕೆಗಳಿಂದ ಶುರು ಮಾಡಲಿ. ಅಲ್ಲಿ ಕವಿಗಳು ತಮಗೆ ಬೇಕಾದ್ದನ್ನು ತಮ್ಮ ಪಾಡಿಗೆ ಬರೆದಿರುತ್ತಾರೆ, ಆ ಕಾಲದ ನಿಜವಾದ ಒಲವುಗಳು ಕಾಣುತ್ತವೆ.

ಇನ್ನು ವಿಮರ್ಶೆ. ಆಸ್ಟ್ರೇಲಿಯಾದ ಲೇಖಕಿಯರಿಗೆ ಮೀಸಲಾದ ಸ್ಟೆಲ್ಲಾ ಪ್ರಶಸ್ತಿ 2022ರಲ್ಲಿ ಮೊದಲ ಸಲ ಕವನ ಸಂಕಲನಗಳಿಗೂ ಬಾಗಿಲು ತೆರೆಯಿತು. ಆ ವರ್ಷವೇ ಕವಿ ಎವೆಲಿನ್ ಅರಲೂಯೆನ್ ಗೆದ್ದರು, ಮರುವರ್ಷ ಸಾರಾ ಹಾಲಂಡ್-ಬ್ಯಾಟ್. ಇಂಥ ಪುಸ್ತಕಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಪ್ರಶಸ್ತಿಯ ಪಟ್ಟಿಗೆ ಬಾರದ, ಸಣ್ಣ ಪ್ರಕಾಶನದ ಸಂಕಲನವನ್ನು ಒಬ್ಬರು ಕೂತು ಓದಿ ಸಾವಿರ ಪದ ದಾಟಿ ಬರೆಯುವ ಜಾಗಗಳು ಬೆರಳೆಣಿಕೆಯಷ್ಟು. ಕಾರ್ಡೈಟ್ ಅವುಗಳಲ್ಲಿ ಮುಖ್ಯವಾದದ್ದು, ಈ ಕೆಲಸಕ್ಕಾಗಿ ಅದನ್ನು ಎಷ್ಟು ಹೊಗಳಿದರೂ ಸಾಲದು.

ಆದರೆ ಇಲ್ಲಿ ಹೆಸರು ಮರೆಯಾಗಿಲ್ಲ. ಬರೆದವರು ಯಾರೆಂದು ಕವಿಗೆ ಗೊತ್ತು, ಕವಿ ಯಾರೆಂದು ಬರೆದವರಿಗೂ ಗೊತ್ತು. ಅರಲೂಯೆನ್ ಓವರ್‌ಲ್ಯಾಂಡ್ ಸಾಹಿತ್ಯ ಪತ್ರಿಕೆಯ ಸಂಪಾದಕರಾಗಿದ್ದವರು, ಹಾಲಂಡ್-ಬ್ಯಾಟ್ ದಿ ಆಸ್ಟ್ರೇಲಿಯನ್ ಪತ್ರಿಕೆಗೆ ಕಾವ್ಯದ ಅಂಕಣ ಬರೆದವರು. ಇದರಲ್ಲಿ ತಪ್ಪೇನಿಲ್ಲ, ಆ ಲೋಕದ ಅಳತೆಯೇ ಅಷ್ಟು: ಬರೆಯುವವರು, ಆರಿಸುವವರು, ತೀರ್ಪು ಕೊಡುವವರು ಹೆಚ್ಚುಕಡಿಮೆ ಅದದೇ ಜನ. ನಾಳೆ ತನ್ನ ಕವಿತೆಯನ್ನು ಆರಿಸಬೇಕಾದವರ ಪುಸ್ತಕವನ್ನು ಇವತ್ತು ಖಡಾಖಂಡಿತವಾಗಿ ಟೀಕಿಸುವುದು ಯಾರಿಗೂ ಸುಲಭವಲ್ಲ. ಹಾಗಾಗಿ ವಿಮರ್ಶೆಯಲ್ಲಿ ಹೊಗಳಿಕೆಯನ್ನು ತೂಗದೆ ಉದ್ಧರಿಸಿದ ಸಾಲುಗಳನ್ನು ನೋಡಿ. ವಿಮರ್ಶಕರು ಪುಸ್ತಕದ ಬೇರೆ ಬೇರೆ ಭಾಗಗಳಿಂದ ಏಳೆಂಟು ಕಡೆಯಾದರೂ ಸಾಲುಗಳನ್ನು ಎತ್ತಿ, ಸಾಲು ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ಹೇಳಿದ್ದರೆ ಆ ಓದು ಗಟ್ಟಿ. ಮೊದಲ ಹತ್ತು ಪುಟಗಳಿಂದಷ್ಟೇ ಉದ್ಧರಿಸಿ, ಉಳಿದದ್ದನ್ನು ಸಿದ್ಧಾಂತಿಗಳ ಹೆಸರುಗಳಿಂದ ತುಂಬಿಸಿದ್ದರೆ ಅನುಮಾನಿಸಿ. ಸೋತ ಕವಿತೆ ಒಂದನ್ನಾದರೂ ಹೆಸರು ಹಿಡಿದು ತೋರಿಸಿದ ವಿಮರ್ಶಕರನ್ನು ಗುರುತಿಟ್ಟುಕೊಂಡು ಅವರ ಬೇರೆ ಬರಹಗಳನ್ನೂ ಹುಡುಕಿ. ಕವಿಗೂ ತಮಗೂ ಇರುವ ಪರಿಚಯವನ್ನು ಮೊದಲೇ ಹೇಳಿಬಿಡುವವರೂ ಇದ್ದಾರೆ, ಅವರ ಮಾತಿಗೆ ಹೆಚ್ಚು ಬೆಲೆ.

ಅದೇ ಪುಸ್ತಕದ ಬಗ್ಗೆ ಎರಡನೆಯ ಅಭಿಪ್ರಾಯ ಬೇಕಾದರೆ 2013ರಲ್ಲಿ ಆರಂಭವಾದ ಸಿಡ್ನಿ ರಿವ್ಯೂ ಆಫ್ ಬುಕ್ಸ್ ಇದೆ, ಅದೂ ಉಚಿತ. ವಿಮರ್ಶಕ ಮಾರ್ಟಿನ್ ಡುವೆಲ್ ತಮ್ಮ ಆಸ್ಟ್ರೇಲಿಯನ್ ಪೊಯೆಟ್ರಿ ರಿವ್ಯೂ ಜಾಲತಾಣದಲ್ಲಿ ವರ್ಷಗಟ್ಟಲೆ ತಿಂಗಳಿಗೊಂದರಂತೆ ಬರೆದ ವಿಮರ್ಶೆಗಳು ತಾಳ್ಮೆಯ ಓದಿಗೆ ಮಾದರಿ: ಒಬ್ಬ ಕವಿಯ ಹೊಸ ಪುಸ್ತಕವನ್ನು ಅವರ ಹಿಂದಿನ ಪುಸ್ತಕಗಳ ಜೊತೆಗಿಟ್ಟೇ ನೋಡುತ್ತಾರೆ. ಏಷ್ಯಾ ಮೂಲದ ಹಾಗೂ ಮೂಲನಿವಾಸಿ ಕವಿಗಳಿಗೆ ಮಿಶೆಲ್ ಕಾಹಿಲ್ ಅವರ ಮಸ್ಕಾರಾ ಲಿಟರರಿ ರಿವ್ಯೂ ಒಳ್ಳೆಯದು.

ಪುಸ್ತಕ ಕೊಳ್ಳುವವರಿಗೆ ಒಂದು ಅನುಕೂಲ. 2015ರಿಂದ ಬರುತ್ತಿರುವ ಕಾರ್ಡೈಟ್ ಬುಕ್ಸ್‌ನ ಸಂಕಲನಗಳಲ್ಲಿ ಕವಿಯದೇ ಪುಟ್ಟ ಅರಿಕೆ ಮತ್ತು ಇನ್ನೊಬ್ಬರ ಮುನ್ನುಡಿ ಎರಡೂ ಇರುತ್ತವೆ. ಅನೇಕ ಮುನ್ನುಡಿಗಳು ಪತ್ರಿಕೆಯಲ್ಲಿ ಪುಕ್ಕಟೆ ಸಿಗುತ್ತವೆ. ತೆಳ್ಳನೆಯ ಪುಸ್ತಕಕ್ಕೆ ಭಾರತಕ್ಕೆ ಅಂಚೆ ವೆಚ್ಚ ಬಹಳವಾಗುತ್ತದೆ, ಮುನ್ನುಡಿಯನ್ನೂ ಪತ್ರಿಕೆಯಲ್ಲಿ ಬಂದ ಅದೇ ಕವಿಯ ಕವಿತೆಗಳನ್ನೂ ಓದಿಯೇ ದುಡ್ಡು ಹಾಕಿ.

ಓದುವ ಅನುಭವದಲ್ಲಿ ಕೊರತೆಗಳಿವೆ. ಮೊಬೈಲಿನಲ್ಲಿ ಉದ್ದ ಸಾಲು ಮಡಚಿಕೊಂಡು ಎರಡಾಗುತ್ತದೆ, ಕವಿ ಮುರಿದ ಸಾಲು ಯಾವುದು, ಪರದೆ ಮುರಿದದ್ದು ಯಾವುದು ಎಂದು ತಿಳಿಯುವುದಿಲ್ಲ. ಫೋನನ್ನು ಅಡ್ಡ ಹಿಡಿಯಿರಿ, ಸಾಧ್ಯವಾದರೆ ಲ್ಯಾಪ್‌ಟಾಪಿನಲ್ಲೇ ಓದಿ. ಇಷ್ಟು ವರ್ಷಗಳ ರಾಶಿಯಲ್ಲಿ ಸುಮ್ಮನೆ ಅಲೆದರೆ ದಾರಿ ತಪ್ಪುತ್ತದೆ. ಗೂಗಲ್‌ನಲ್ಲಿ ಕವಿಯ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಪಕ್ಕದಲ್ಲಿ ಕಾರ್ಡೈಟ್ ಎಂದು ಸೇರಿಸಿ ಹುಡುಕುವುದು ಬೇಗ ಆಗುವ ಕೆಲಸ. ಯಾವ ಪತ್ರಿಕೆಯೂ ಶಾಶ್ವತವಲ್ಲ: 1940ರಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ಮೀನ್‌ಜಿನ್ ಸಾಹಿತ್ಯ ಪತ್ರಿಕೆಯನ್ನೇ ನಿಲ್ಲಿಸುವುದಾಗಿ ಅದರ ಪ್ರಕಾಶಕರು 2025ರಲ್ಲಿ ಘೋಷಿಸಿದರು. ಹಾಗಾಗಿ ಇಷ್ಟವಾದ ಕವಿತೆಯ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳುವುದು ಜಾಣತನ.

ಕನ್ನಡದ ಓದುಗರು ಬಿಡಬಾರದ ಸಂಚಿಕೆ ಒಂದಿದೆ. 2016ರಲ್ಲಿ ಮೃದುಲಾ ನಾಥ್ ಚಕ್ರವರ್ತಿ ಮತ್ತು ಮೆಕಾರ್ಟರ್ ಸೇರಿ ಭಾರತದ ದಲಿತ ಕವಿಗಳನ್ನೂ ಆಸ್ಟ್ರೇಲಿಯಾದ ಮೂಲನಿವಾಸಿ ಕವಿಗಳನ್ನೂ ಜೊತೆಗಿಟ್ಟ ವಿಶೇಷ ಸಂಚಿಕೆ ತಂದರು. ದಲಿತ ಕಾವ್ಯದ ಸಿಟ್ಟು, ಭಾಷೆಯ ಒರಟುತನ, ನೆಲದ ಲೆಕ್ಕಾಚಾರ ಬಲ್ಲ ನಮ್ಮವರಿಗೆ ಅಲ್ಲಿನ ಮೂಲನಿವಾಸಿ ಕವಿತೆಗಳು ಅಡಿಟಿಪ್ಪಣಿಯಿಲ್ಲದೆಯೇ ಹತ್ತಿರವಾಗುತ್ತವೆ. ಅದನ್ನು ಓದಿದ ಮೇಲೆ ಮೂಲನಿವಾಸಿ ಕವಿಗಳಾದ ಲಯೋನೆಲ್ ಫೋಗರ್ಟಿ, ಆಲಿ ಕಾಬಿ ಎಕರ್ಮನ್ ಇಬ್ಬರ ಹೆಸರು ಹಾಕಿ ಪತ್ರಿಕೆಯಲ್ಲಿ ಹುಡುಕಿ. ಫೋಗರ್ಟಿಯನ್ನು ಗಟ್ಟಿಯಾಗಿ ಉಚ್ಚರಿಸಿಯೇ ಓದಬೇಕು, ಅವರು ಇಂಗ್ಲಿಷಿನ ವ್ಯಾಕರಣವನ್ನು ಬೇಕೆಂದೇ ಮುರಿಯುವುದು ಕಿವಿಗೆ ಬಿದ್ದಾಗಲೇ ಅರ್ಥವಾಗುತ್ತದೆ.