ನರ್ಸಿಂಗ್ ಬಿಟ್ಟು ಸಾಫ್ಟ್‌ವೇರ್‌ಗೆ ಹೋಗುವವರೇ, ಈ ಕೋಚಿಂಗ್‌ನವರನ್ನು ನಂಬಬೇಡಿ

ಮಂಗಳೂರು, ಉಡುಪಿ ಕಡೆಯ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ದಯವಿಟ್ಟು ಪೂರ್ತಿ ಓದಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಬೋರ್ಡ್ ಹಾಕಿಕೊಂಡ ಮಂಗಳೂರಿನ ಕೋಚಿಂಗ್ ಸೆಂಟರ್ ಒಂದಕ್ಕೆ ನಾನು 85 ಸಾವಿರ ಕಟ್ಟಿದ್ದೇನೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೂ ಹೇಳಲೇಬೇಕು, ಯಾಕಂದ್ರೆ ಅವರು ಈಗಲೂ ಆಸ್ಪತ್ರೆ ಗೇಟಿನ ಹೊರಗೆ ನಿಂತು ಪಾಂಪ್ಲೆಟ್ ಹಂಚುತ್ತಿದ್ದಾರೆ.

ನೈಟ್ ಡ್ಯೂಟಿ ಮಾಡಿ ಮಾಡಿ ಸಾಕಾಗಿತ್ತು. ಸಾಫ್ಟ್‌ವೇರ್ ಕೆಲಸಕ್ಕೆ ಬೇಕಾದ ಜಾವಾ, ಎಸ್‌ಕ್ಯೂಎಲ್ ಕಲಿಯಲು ಸೇರಿದೆ. ಪಾಠ ಅಷ್ಟಕ್ಕಷ್ಟೆ, ರೂಮಿಗೆ ಬಂದು ನಾನೇ ಕೂತು ಕಲಿತದ್ದು ಜಾಸ್ತಿ. ಅದನ್ನೂ ಸಹಿಸಿಕೊಂಡೆ.

ಕೋರ್ಸ್ ಮುಗಿದ ಮೇಲೆ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರು ಕ್ಯಾಬಿನ್‌ಗೆ ಕರೆದರು. ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ನನ್ನ ರೆಸ್ಯೂಮೆ. ನನ್ನ ಹೆಸರು, ನನ್ನ ಫೋಟೊ. ಅದರ ಕೆಳಗೆ ನಾನು ಐಸಿಯುನಲ್ಲಿ ದುಡಿದ ಅಷ್ಟೂ ವರ್ಷ ಮಾಯ! ಆ ಜಾಗದಲ್ಲಿ ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ‘ಸಾಫ್ಟ್‌ವೇರ್ ಡೆವಲಪರ್’. ಆ ಕಂಪನಿಯ ಹೆಸರನ್ನೇ ನಾನು ಕೇಳಿರಲಿಲ್ಲ.

“ಸರ್, ಇದು ಸುಳ್ಳಲ್ವಾ?”

“ಎಲ್ಲರೂ ಹೀಗೇ ಹಾಕುವುದು ಸಿಸ್ಟರ್. ನರ್ಸ್ ಅಂತ ಹಾಕಿದ್ರೆ ಯಾರು ಕರೀತಾರೆ? ಎಕ್ಸ್‌ಪೀರಿಯೆನ್ಸ್ ಲೆಟರ್, ಸ್ಯಾಲರಿ ಸ್ಲಿಪ್ ಎಲ್ಲ ನಾವೇ ಕೊಡ್ತೇವೆ. ಅದಕ್ಕೆ 30 ಸಾವಿರ ಬೇರೆ.”

ಮೈಯೆಲ್ಲ ಉರಿದುಹೋಯಿತು. ಬಿಪಿ ನೋಡದೆ ಚಾರ್ಟ್‌ನಲ್ಲಿ ಸುಮ್ನೆ 120/80 ಬರೆಯಬೇಡಿ ಅಂತ ಜೂನಿಯರ್‌ಗಳಿಗೆ ಹೇಳಿಕೊಟ್ಟವಳು ನಾನು. ನನ್ನ ಕೈಯಲ್ಲೇ ಇದನ್ನು ಮಾಡಿಸುತ್ತಾರಂತೆ!

ಅದೂ ಅಲ್ಲದೆ, ಆಸ್ಪತ್ರೆಯಲ್ಲಿ ನಮಗೆ ಪಿಎಫ್ ಕಟ್ ಆಗುತ್ತದಲ್ಲ, ಎಲ್ಲಿ ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಎಲ್ಲ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಖಾತೆಯಲ್ಲೇ ಇರುತ್ತದೆ. ಬ್ಯಾಕ್‌ಗ್ರೌಂಡ್ ಚೆಕ್ ಮಾಡುವಾಗ ಎಷ್ಟೋ ಕಂಪನಿಗಳು ಅದನ್ನೇ ಕೇಳುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ನಮ್ಮದು, ಅವರದ್ದಲ್ಲ. ಇದನ್ನು ಹೇಳಿದರೆ, “ಅದೆಲ್ಲ ದೊಡ್ಡ ಕಂಪನಿಗಳಲ್ಲಿ ಮಾತ್ರ. ನೀವು ಜಾಸ್ತಿ ಯೋಚನೆ ಮಾಡ್ತೀರಿ” ಅಂದರು.

ದುಡ್ಡು ವಾಪಸ್ ಕೊಡಿ ಎಂದೆ. ದನಿಯೇ ಬದಲಾಯಿತು. “ನಾವು ಪ್ಲೇಸ್‌ಮೆಂಟ್‌ಗೆ ರೆಡಿ ಇದ್ದೇವೆ, ಬೇಡ ಅಂದದ್ದು ನೀವು. ರಿಫಂಡ್ ಇಲ್ಲ ಅಂತ ಫಾರ್ಮ್‌ನಲ್ಲೇ ಉಂಟಲ್ಲ?” ಆಮೇಲೆ ಫೋನ್ ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಬರೀ ನೀಲಿ ಟಿಕ್. ಕೊನೆಗೆ ಒಂದು ಮೆಸೇಜ್ ಬಂತು: “ಸಿಸ್ಟರ್, ನಿಮಗೆ ಆಸ್ಪತ್ರೆ ಕೆಲಸವೇ ಒಳ್ಳೇದು.” ನನ್ನ ದುಡ್ಡು ತಿಂದು ನನಗೇ ಬುದ್ಧಿ ಹೇಳುತ್ತಾರೆ. ನನ್ನ ದುಡ್ಡು ತಿಂದು!

ಕೆಲಸ ಗ್ಯಾರಂಟಿ ಅಂತ ಸುಳ್ಳು ಜಾಹೀರಾತು ಕೊಡಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲೇ ಕೋಚಿಂಗ್‌ನವರಿಗೆ ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ನಾವು ಕಟ್ಟಿದ ಮೊತ್ತ 5 ಲಕ್ಷದೊಳಗೆ ಇದ್ದರೆ ಅಲ್ಲಿ ಫೀಸ್ ಇಲ್ಲ.

ಕಲಿಯಬೇಡಿ ಅಂತ ನಾನು ಹೇಳುವುದಿಲ್ಲ. ನಾನೂ ಬಿಟ್ಟಿಲ್ಲ. ದುಡ್ಡು ಕೊಡುವ ಮೊದಲು, ಅಲ್ಲಿ ಕಲಿತು ನಿಜವಾಗಿ ಕೆಲಸಕ್ಕೆ ಸೇರಿದ ಒಬ್ಬ ನರ್ಸ್ ಜೊತೆ ಮಾತಾಡಿಸಿ ಎಂದು ಕೇಳಿ. ‘ರೆಸ್ಯೂಮೆ ನಾವೇ ಮಾಡಿಕೊಡ್ತೇವೆ’ ಅಂದ್ರೆ ಎದ್ದು ಬನ್ನಿ. ವಾರ್ಡಿನ ಅನುಭವ ಅಳಿಸಲು ಬಿಡಬೇಡಿ. ಆಸ್ಪತ್ರೆ ಸಾಫ್ಟ್‌ವೇರ್ ಮಾಡುವ ಕಡೆ ಅದು ಉಪಯೋಗಕ್ಕೆ ಬರುತ್ತದೆ.

ಹೀಗೇ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡವರು ಇನ್ನೂ ಇದ್ದಾರೆ, ನನಗೆ ಗೊತ್ತು. ರಸೀದಿ, ಪಾಂಪ್ಲೆಟ್, ಮೆಸೇಜ್ ಯಾವುದನ್ನೂ ಕಳೆಯಬೇಡಿ. ಒಟ್ಟಿಗೆ ದೂರು ಕೊಡೋಣ.