ಮೂಕಿಯ ಮೇಲಿನ ಭಾರ: ವಿ-ಕ್ರಾಸ್ ಪಿಕಪ್ಪಿಗೆ ಹಿಟಾಚಿ ಟ್ರಾಲಿ ಕಟ್ಟಿಸಿದ ಅನುಭವ

ತೋಟದ ಬಸಿಗಾಲುವೆ ಬಿಡಿಸುವುದಕ್ಕೆ ಆಳುಗಳೇ ಸಿಗದಂತಾದ ಮೇಲೆ ನಾವು ಅಣ್ಣತಮ್ಮಂದಿರು ಮೂವರು ಸೇರಿ ಒಂದು ಪುಟ್ಟ ಹಿಟಾಚಿ ಕೊಂಡೆವು. ಮಣ್ಣು ತೋಡುವ ಈ ಯಂತ್ರ ಯಾವ ಕಂಪನಿಯದಾದರೂ ನಮ್ಮ ಕಡೆ ಅದರ ಹೆಸರು ಹಿಟಾಚಿಯೇ. ನಮ್ಮದು 1700 ಕೆಜಿ ತೂಗುವ, ರಬ್ಬರ್ ಪಟ್ಟಿಯ ಮೇಲೆ ಓಡುವ, ಎರಡು ಅಡಿಕೆ ಸಾಲುಗಳ ನಡುವೆ ಮರಕ್ಕೆ ತಾಗದಂತೆ ತಿರುಗಬಲ್ಲ ಯಂತ್ರ. ತೊಂದರೆಯೆಂದರೆ ಮೂವರ ತೋಟ ಮೂರು ದಿಕ್ಕಿನಲ್ಲಿದೆ: ಒಂದು ತೀರ್ಥಹಳ್ಳಿಯಿಂದ ಮೇಗರವಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ಹೊಸನಗರದ ಆಚೆ, ಇನ್ನೊಂದು ಘಾಟಿ ಇಳಿದು ಸಿದ್ದಾಪುರದ ಬದಿಯಲ್ಲಿ. ಪ್ರತಿ ಸಲವೂ ಬಾಡಿಗೆ ಲಾರಿಗೆ ಕಾದು, ಅದು ತೋಟದ ಬೇಲಿಬಾಗಿಲಾದ ಉಣಗೋಲಿನವರೆಗೆ ಮಾತ್ರ ಬಂದು, ಅಲ್ಲಿಂದ ಯಂತ್ರವನ್ನು ನಡೆಸಿಕೊಂಡು ಹೋಗುವ ಪಾಡು ಸಾಕಾಗಿ, ಮನೆಯಲ್ಲಿದ್ದ ಪಿಕಪ್ಪಿಗೇ ಎರಡು ಆಕ್ಸಲ್ಲಿನ ಟ್ರಾಲಿಯೊಂದನ್ನು ಹೊಂದಿಸಿಕೊಂಡೆವು. ಎರಡು ಹಂಗಾಮು ಎಳೆದಾಗಿದೆ. ಪಿಕಪ್ಪು, ಕೊಂಡಿ, ಬ್ರೇಕು ಈ ಮೂರೂ ಹೇಗೆ ನಡೆದುಕೊಂಡವು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಎಳೆಯುವ ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 1.9 ಲೀಟರ್ ಡೀಸೆಲ್, ಮ್ಯಾನುಯಲ್ ಗೇರು, ಫೋರ್ ವೀಲ್ ಡ್ರೈವ್. ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 360 ನ್ಯೂಟನ್ ಮೀಟರ್. ಟೊಯೋಟಾ ಹೈಲಕ್ಸ್‌ನ 2.8 ಲೀಟರ್ ಎಂಜಿನ್ನು ಮ್ಯಾನುಯಲ್ಲಿನಲ್ಲಿ 420, ಆಟೋಮ್ಯಾಟಿಕ್ಕಿನಲ್ಲಿ 500 ನ್ಯೂಟನ್ ಮೀಟರ್ ಕೊಡುತ್ತದೆಯಾದ್ದರಿಂದ ಅದನ್ನು ಕೊಂಡವರಿಗೆ ಏರಿನಲ್ಲಿ ಗೇರು ಇಳಿಸುವ ಕೆಲಸ ಕಡಿಮೆ ಇದ್ದೀತು. ನಮ್ಮ ಏರುದಾರಿಗಳಲ್ಲಿ ವೇಗ ಹೇಗೂ ನಲವತ್ತು ದಾಟದ ಕಾರಣ ಆ ಕೊರತೆ ನನ್ನನ್ನು ಕಾಡಿಲ್ಲ. ಗಮನಿಸಬೇಕಾದ ಅಂಕಿ ಬೇರೆಯಿದೆ. ಬ್ರಿಟನ್ನಿನಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಡಿ-ಮ್ಯಾಕ್ಸ್ ಎಳೆಯಬಹುದಾದ ಭಾರವನ್ನು ಎರಡು ಬಗೆಯಾಗಿ ಹೇಳುತ್ತಾರೆ: ಟ್ರೇಲರಿಗೆ ಅದರದೇ ಬ್ರೇಕ್ ಇದ್ದರೆ 3500 ಕೆಜಿ, ಇಲ್ಲದಿದ್ದರೆ 750 ಕೆಜಿ. ಎಂಜಿನ್ ಅದೇ, ಚಾಸಿ ಅದೇ, ಆದರೂ ಇಷ್ಟು ಅಂತರ. ಈ ಅಂಕಿಗಳು ಅಲ್ಲಿ ಮಾರುವ ಗಾಡಿಗಳಿಗೆ ಹೇಳಿದವು, ಇಲ್ಲಿನವಕ್ಕೆ ಹಾಗೆಯೇ ಅನ್ವಯಿಸುವಂಥವಲ್ಲ. ಆದರೆ ಹಣವನ್ನು ಮೊದಲು ಎಲ್ಲಿ ಹಾಕಬೇಕೆಂಬುದನ್ನು ಅವು ತಿಳಿಸುತ್ತವೆ. ನಮ್ಮ ಟ್ರಾಲಿಯ ಖಾಲಿ ತೂಕ 650, ಯಂತ್ರ 1700, ಬಕೆಟ್ಟು, ಸರಪಳಿ, ಡೀಸೆಲ್ ಕ್ಯಾನು ಸೇರಿ ಇನ್ನೊಂದು 50, ಒಟ್ಟು 2400 ಕೆಜಿ.

ಮೊದಲ ಸಲ ನಾನು ಮಾಡಿದ್ದು ಪೂರಾ ತಪ್ಪು. ಕೊಂಡಿ ಮತ್ತು ವೈರಿಂಗ್ ಕೆಲಸವನ್ನು, ಗೇಟು ಗ್ರಿಲ್ಲು ಮಾಡುವುದರಲ್ಲಿ ಒಳ್ಳೆಯ ಹೆಸರಿದ್ದ ಒಂದು ವೆಲ್ಡಿಂಗ್ ಅಂಗಡಿಗೆ ಒಪ್ಪಿಸಿದೆ. ಅವರು ಚಾಸಿಯ ಕೊನೆಗೆ ನೇರವಾಗಿ ಒಂದು ಚಾನೆಲ್ ಬೆಸೆದು, ಅದರ ತುದಿಯಲ್ಲಿ ಟ್ರಾಲಿ ಸಿಕ್ಕಿಸುವ 50 ಮಿ.ಮೀ. ಗುಂಡನ್ನು ಕೂರಿಸಿ ಕೊಟ್ಟರು. ವಿ-ಕ್ರಾಸ್ ನೆಲದಿಂದ ಎತ್ತರದಲ್ಲಿ ನಿಲ್ಲುವ ಗಾಡಿ; ಕೊಂಡಿಯನ್ನು ಕೆಳಗೆ ಇಳಿಸಿ ಕೂರಿಸದೆ ಹೋದದ್ದರಿಂದ ಟ್ರಾಲಿಯ ಮೂತಿ ಮೇಲಕ್ಕೆದ್ದು, ಭಾರವೆಲ್ಲ ಹಿಂದಿನ ಆಕ್ಸಲ್ಲಿಗೆ ಸರಿಯಿತು. ಬ್ರೇಕಿನ ತಂತಿಯೋ, ಇಂಡಿಕೇಟರಿಗೆ ಹಾಕುವಷ್ಟು ಸಪೂರದ್ದು. ಎರಡೂ ದೋಷಗಳು ಆ ದಿನ ನನ್ನ ಕಣ್ಣಿಗೆ ಬೀಳಲಿಲ್ಲ.

ಹಿಟಾಚಿ ಹೇರಿಕೊಂಡು ಶಿವಮೊಗ್ಗದಿಂದ ಹೊರಟು ಗಾಜನೂರು ದಾಟಿದ ಮೇಲೆ, ಸಣ್ಣದೊಂದು ಇಳಿಜಾರಿನಲ್ಲಿ ಐವತ್ತೈದರ ವೇಗ ಮುಟ್ಟುತ್ತಿದ್ದಂತೆ ಟ್ರಾಲಿ ಹಿಂದಿನಿಂದ ಬಾಲ ಬೀಸಿದ ಹಾಗೆ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಬ್ರೇಕ್ ಒತ್ತಬೇಕೆನಿಸಿತು, ಒತ್ತಿದ್ದರೆ ಹಿಂದಿನ ಭಾರ ಗಾಡಿಯನ್ನು ಅಡ್ಡ ತಳ್ಳುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಓಲಾಟ ತಾನಾಗಿ ತಗ್ಗುವವರೆಗೆ ಉಸಿರು ಬಿಗಿಹಿಡಿದೆ. ಮಂಡಗದ್ದೆಯಲ್ಲಿ ನಿಲ್ಲಿಸಿದಾಗ ಜೊತೆಯಲ್ಲಿದ್ದ ದೊಡ್ಡಪ್ಪ ಇಳಿದು, ಟ್ರಾಲಿಯ ಸುತ್ತ ಒಂದು ಸುತ್ತು ಹಾಕಿ, ಕೊಂಡಿಗೆ ಸೇರುವ ಮುಂದಿನ ಕಂಬಿಯ, ಅಂದರೆ ಮೂಕಿಯ, ಮೇಲೆ ಕೈಯೂರಿ, “ಮೂಕಿ ಹಗುರ ಆಗಿದೆ ಮಾರಾಯ. ಎತ್ತಿನ ಗಾಡಿಯಾಗಿದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗೀತಿತ್ತು. ಹಿಂಭಾರ ಹೇರಿದೀಯ ನೀನು” ಎಂದರು. ಚಿಕ್ಕಂದಿನಿಂದ ಗಾಡಿ ಹೊಡೆದ ಅವರಿಗೆ ಒಂದು ನೋಟಕ್ಕೆ ಕಂಡದ್ದು, ಹೊರಡುವ ಮುನ್ನ ಟ್ರಾಲಿಯನ್ನು ಎರಡು ಸಲ ಸುತ್ತಿದ್ದ ನನಗೆ ಕಂಡಿರಲಿಲ್ಲ. ಮುಂದಿನ ದಾರಿಯನ್ನು ಮೂವತ್ತರಲ್ಲಿ ಸವೆಸಿದೆವು.

ಟ್ರಾಲಿಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕೆಂಬುದು ಅಮೆರಿಕದವರ ಲೆಕ್ಕ. ಅಳೆಯುವುದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ, ಅಡಿಕೆ ತೂಗುವ ಮನೆಯ ತಕ್ಕಡಿಯೇ ಸಾಕು. ನಮ್ಮದು 150 ಕೆಜಿಯ ತಕ್ಕಡಿ. ಒಂದು ದಪ್ಪ ಹಲಗೆಯ ಒಂದು ತುದಿಯನ್ನು ತಕ್ಕಡಿಯ ಮೇಲೂ ಇನ್ನೊಂದನ್ನು ಅದೇ ಎತ್ತರದ ಕಲ್ಲಿನ ಮೇಲೂ ಇಟ್ಟು, ಸರಿಯಾಗಿ ನಡುಮಧ್ಯಕ್ಕೆ ಮೂಕಿಯನ್ನು ಇಳಿಸಿದರೆ ತಕ್ಕಡಿ ಅರ್ಧ ಭಾರವನ್ನು ತೋರಿಸುತ್ತದೆ. ಹಲಗೆಯ ಪಾಲನ್ನು ಕಳೆದು ಎರಡರಿಂದ ಗುಣಿಸಿದರಾಯಿತು. ಅಂಗಳದಲ್ಲಿ ಮಾಡಿದ ಮೊದಲ ತೂಕದಲ್ಲಿ ಮುಳ್ಳು ತೋರಿಸಿದ್ದು 60, ಅಂದರೆ ಮೂಕಿಯ ಮೇಲೆ ಇದ್ದದ್ದು 120 ಕೆಜಿ, ಒಟ್ಟು ಭಾರದ ನೂರಕ್ಕೆ ಐದು ಪಾಲು ಮಾತ್ರ. ಹಿಟಾಚಿಯನ್ನು ಒಂದು ಗೇಣು ಮುಂದಕ್ಕೆ ತಂದು ಮತ್ತೆ ತೂಗಿದಾಗ ಮೂಕಿಯ ಮೇಲಿನ ಭಾರ 235 ಕೆಜಿಗೆ ಏರಿತು. ಕೊಂಡಿಯಿಂದ ಆಕ್ಸಲ್ಲುಗಳ ನಡುವಿಗೆ 3.4 ಮೀಟರ್ ಇರುವ ಟ್ರಾಲಿಯಲ್ಲಿ 1700 ಕೆಜಿಯ ಯಂತ್ರ ಒಂದು ಗೇಣು ಸರಿದರೆ ನೂರಕ್ಕೂ ಹೆಚ್ಚು ಕೆಜಿ ಅತ್ತಿತ್ತ ಆಗುತ್ತದೆ. ಅಂದೇ ಟ್ರಾಲಿಯ ಹಲಗೆಯ ಮೇಲೆ ಹಳದಿ ಪೇಂಟಿನ ಗೆರೆ ಎಳೆದೆವು. ಯಂತ್ರದ ಪಟ್ಟಿ ಆ ಗೆರೆಗೆ ಬಂದು ನಿಂತ ಮೇಲೆಯೇ ಸರಪಳಿ ಬಿಗಿಯುವುದು.

ಕೊಂಡಿಯನ್ನು ಕಿತ್ತು ಹೊಸದಾಗಿ ಮಾಡಿಸಿದ್ದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ. ಅಲ್ಲಿಯ ಮೇಸ್ತ್ರಿ ಮೊದಲು ಟ್ರಾಲಿಯನ್ನು ಸಮತಟ್ಟಾಗಿ ನಿಲ್ಲಿಸಿ ಅದರ ಎತ್ತರ ಅಳೆದು, ಗಾಡಿಯ ಹಿಂಭಾಗ ಭಾರಕ್ಕೆ ಎಷ್ಟು ಕೂರುತ್ತದೆಂದು ನೋಡಿ, ಆಮೇಲೆಯೇ ಕಬ್ಬಿಣಕ್ಕೆ ಕೈ ಹಚ್ಚಿದರು. ಚಾಸಿಗೆ ಬೆಸುಗೆಯ ಬದಲು ಎರಡೂ ಬದಿಯ ಒಳಗೋಡೆಗೆ ಪ್ಲೇಟು ಕೊಟ್ಟು ಬೋಲ್ಟು ಹಾಕಿದರು. ಬೆಸುಗೆಯ ಕಾವಿಗೆ ಚಾಸಿಯ ಉಕ್ಕು ತನ್ನ ಬಿಗಿ ಕಳೆದುಕೊಳ್ಳುತ್ತದೆ ಎಂಬುದು ಅವರ ಹಟ, ಸರಿಯಾದ ಹಟವೇ. ಗುಂಡು ಈಗ ಸಾಕಷ್ಟು ಕೆಳಗಿದ್ದು ಟ್ರಾಲಿ ನೆಲಕ್ಕೆ ಸಮವಾಗಿ ನಿಲ್ಲುತ್ತದೆ, ಎರಡೂ ಆಕ್ಸಲ್ಲುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಸುರಕ್ಷತೆಯ ಎರಡು ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಕತ್ತರಿಯಾಗಿ ಹಾಯಿಸಿದ್ದಾರೆ. ಕೊಂಡಿ ಬಿಟ್ಟರೂ ಮೂಕಿ ನೆಲಕ್ಕೆ ಕುತ್ತದೆ ಅವುಗಳ ಮೇಲೆ ಕೂರಬೇಕು. ಒಂದು ಸಣ್ಣ ಪರೀಕ್ಷೆಯನ್ನೂ ಅವರೇ ಕಲಿಸಿದರು: ಕೊಂಡಿ ಸಿಕ್ಕಿಸಿ ಚಿಲಕ ಹಾಕಿದ ಮೇಲೆ ಟ್ರಾಲಿಯ ಜಾಕನ್ನು ನಾಲ್ಕು ಸುತ್ತು ತಿರುಗಿಸುವುದು, ಪಿಕಪ್ಪಿನ ಹಿಂಭಾಗವೂ ಜೊತೆಗೆ ಮೇಲೇಳಬೇಕು. ಏಳದಿದ್ದರೆ ಗುಂಡು ಬಟ್ಟಲೊಳಗೆ ಕೂತಿಲ್ಲವೆಂದೇ ಅರ್ಥ.

ಕೊಂಡಿಯ ಮೇಲಿನ 235 ಕೆಜಿಯನ್ನು ಗಾಡಿಯ ಮೇಲೆ ಹೇರಿದ ಸಾಮಾನೆಂದೇ ಎಣಿಸಬೇಕು. ಅಲ್ಲದೆ ಗುಂಡು ಹಿಂದಿನ ಆಕ್ಸಲ್ಲಿನಿಂದ ಸುಮಾರು 1.2 ಮೀಟರ್ ಆಚೆ ಇರುವುದರಿಂದ ಅದು ತಕ್ಕಡಿಯ ದಂಡದಂತೆ ಕೆಲಸ ಮಾಡುತ್ತದೆ: ಹಿಂದಿನ ಆಕ್ಸಲ್ಲಿಗೆ ಸುಮಾರು 325 ಕೆಜಿ ಸೇರಿ, ಮುಂದಿನದರಿಂದ 90 ಕೆಜಿ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರಾಗುವುದು, ಎದುರಿನವರ ಕಣ್ಣಿಗೆ ಹೆಡ್‌ಲೈಟ್ ರಾಚುವುದು ಇದರಿಂದಲೇ. ಹಿಂಭಾಗ ನಾಲ್ಕು ಬೆರಳು ಕೂತದ್ದನ್ನು ನೋಡಿ ಲೀಫ್ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು ಹಾಕಿಸಿದೆ. ಗಾಡಿ ಎತ್ತರವಾಯಿತು, ಆದರೆ ಮುಂದಿನ ಚಕ್ರಕ್ಕೆ ಭಾರ ಮರಳಲಿಲ್ಲ, ಹೊರಬಹುದಾದ ಭಾರದ ಮಿತಿಯೂ ಏರಲಿಲ್ಲ. ಖಾಲಿ ಓಡಿಸುವಾಗ ಮಾತ್ರ ಮಣ್ಣುದಾರಿಯಲ್ಲಿ ಸೊಂಟಕ್ಕೆ ಪೆಟ್ಟು. ಈ ಖರ್ಚು ಮಾಡಿಯೆಂದು ನಾನು ಯಾರಿಗೂ ಹೇಳುವುದಿಲ್ಲ. ಅದರ ಬದಲು ಹಿಂದಿನ ತೊಟ್ಟಿಯನ್ನು ಖಾಲಿ ಬಿಟ್ಟು, ಡೀಸೆಲ್ ಕ್ಯಾನು ಬಕೆಟ್ಟುಗಳನ್ನು ಟ್ರಾಲಿಯ ಮೇಲೆಯೇ ಆಕ್ಸಲ್ಲಿನ ನೇರಕ್ಕೆ ಕಟ್ಟುತ್ತೇನೆ. ಟೈರಿನ ಬದಿಯಲ್ಲಿ ಅಚ್ಚಾದ ಭಾರದ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. 112 ಎಂದಿದ್ದರೆ ಒಂದು ಟೈರಿಗೆ 1120 ಕೆಜಿ.

ಇನ್ನು ಬ್ರೇಕು. ಟ್ರಾಲಿಗಳಿಗೆ ಹೆಚ್ಚಾಗಿ ಸಿಗುವುದು ತಳ್ಳು ಬ್ರೇಕು: ಮುಂದಿನ ಗಾಡಿ ನಿಧಾನಿಸಿದಾಗ ಟ್ರಾಲಿ ಮುಂದಕ್ಕೆ ಒತ್ತಿ, ಆ ಒತ್ತಡದಿಂದ ತನ್ನ ಬ್ರೇಕನ್ನು ತಾನೇ ಹಿಡಿಯುತ್ತದೆ. ಬಯಲುಸೀಮೆಗೆ ಅದು ಸಾಕು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಯುವಾಗ ಟ್ರಾಲಿ ಇಡೀ ದಾರಿ ಒತ್ತುತ್ತಲೇ ಇರುವುದರಿಂದ ಬ್ರೇಕು ಬಿಡುವಿಲ್ಲದೆ ಉಜ್ಜಿ ಕಾಯುತ್ತದೆ. ಈ ಕಾರಣಕ್ಕೆ ನಾನು ವಿದ್ಯುತ್ ಬ್ರೇಕನ್ನು ಆರಿಸಿದೆ. ಕ್ಯಾಬಿನ್ನಿನಲ್ಲಿ ಮೊಣಕಾಲಿನ ಹತ್ತಿರ ಒಂದು ನಿಯಂತ್ರಕವಿದ್ದು, ಎಷ್ಟು ಬಿಗಿ ಬೇಕೆಂಬುದನ್ನು ತಿರುಗಿಸಿ ಹೊಂದಿಸಬಹುದು. ಓಲಾಟ ಶುರುವಾದರೆ ಪಿಕಪ್ಪಿನ ಬ್ರೇಕನ್ನು ಮುಟ್ಟದೆ ಬೆರಳಿನಿಂದ ಟ್ರಾಲಿಯದನ್ನು ಮಾತ್ರ ಹಿಡಿದು ಅದನ್ನು ನೇರಕ್ಕೆ ಎಳೆಯಬಹುದು. ಗಾಜನೂರಿನ ದಿನ ನನ್ನ ಬೆರಳು ಅಲ್ಲಿಗೆ ಹೋಗಿತ್ತು, ಸಪೂರ ತಂತಿಯಲ್ಲಿ ವೋಲ್ಟೇಜು ಸೋರಿಹೋಗಿ ಟ್ರಾಲಿಯ ಬ್ರೇಕಿನ ಮ್ಯಾಗ್ನೆಟ್ಟುಗಳು ಹಿಡಿಯಲೇ ಇಲ್ಲ. ಈಗ ಬ್ಯಾಟರಿಯಿಂದ ನೇರ ದಪ್ಪ ತಂತಿ, ನಡುವೆ 30 ಆಂಪಿಯರಿನ ಸರ್ಕ್ಯೂಟ್ ಬ್ರೇಕರ್. ಟ್ರಾಲಿಯ ಮೇಲೆ ಸಣ್ಣ ಬ್ಯಾಟರಿಯೊಂದು ಬೇರೆ, ಕೊಂಡಿ ಕಳಚಿದರೆ ಪಿನ್ನು ಕಿತ್ತು ಬಂದು ಚಕ್ರಗಳು ತಾವೇ ಹಿಡಿದುಕೊಳ್ಳುವಂತೆ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರೇಕಿಗೇ ಹೋಯಿತು, ಅದರ ಬಗ್ಗೆ ಬೇಸರವಿಲ್ಲ.

ಸಿದ್ದಾಪುರದ ತೋಟಕ್ಕೆ ಹೋಗುವಾಗ ಆಗುಂಬೆಯ ಹದಿನಾಲ್ಕು ತಿರುವುಗಳ ತಂಟೆಗೆ ಹೋಗದೆ ಹುಲಿಕಲ್ ಘಾಟಿಯಲ್ಲಿ ಇಳಿದೆವು. ಮೇಲೆ ದೇವಿಯ ಗುಡಿಗೆ ಕೈಮುಗಿದು, ಎರಡನೇ ಗೇರಿಗೆ ಹಾಕಿ, ಎಂಜಿನ್ನಿನ ಹಿಡಿತದಲ್ಲಿಯೇ ಬಹುಪಾಲು ಇಳಿದು, ತಿರುವು ಬರುವ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುವುದು ಎಂಬ ಕ್ರಮ ಇಟ್ಟುಕೊಂಡೆ. ಬುಡದಲ್ಲಿ ನಿಲ್ಲಿಸಿ ಎಂಟೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದೆ. ಪಿಕಪ್ಪಿನ ಮುಂದಿನ ಚಕ್ರಗಳಲ್ಲಿ ಒಲೆಯ ಮುಂದೆ ನಿಂತಷ್ಟು ಶಾಖವಿತ್ತು; ಟ್ರಾಲಿಯ ಮೂರು ಚಕ್ರಗಳು ಬೆಚ್ಚಗಿದ್ದವು, ನಾಲ್ಕನೆಯದು ತಣ್ಣಗಿತ್ತು. ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದು ಲೆಕ್ಕ. ಬಿಚ್ಚಿಸಿದಾಗ ಡ್ರಮ್ಮಿನೊಳಗೆ ಗ್ರೀಸು ಸೋರಿ ಲೈನರಿಗೆ ಮೆತ್ತಿಕೊಂಡಿತ್ತು.

ರಿವರ್ಸಿನ ವಿಷಯದಲ್ಲಿ ತಪ್ಪು ನನ್ನದೇ. ಮಳೆ ನಿಂತ ಮರುದಿನ ಜಂಬಿಟ್ಟಿಗೆಯ ಉಬ್ಬಿನಲ್ಲಿ ಟ್ರಾಲಿಯನ್ನು ಹಿಮ್ಮುಖವಾಗಿ ಚಪ್ಪರದವರೆಗೆ ಒತ್ತಲು ಹೋಗಿ ಕ್ಲಚ್ ಸುಟ್ಟ ವಾಸನೆ ಮನೆಯೊಳಗೆ ಬರುವಷ್ಟಾಯಿತು. ಅಂದಿನಿಂದ ಮಣ್ಣುದಾರಿಯಲ್ಲಿ ರಿವರ್ಸ್ ಎಂದರೆ ಫೋರ್ ವೀಲ್ ಡ್ರೈವಿನ ಲೋ ರೇಂಜ್ ಕಡ್ಡಾಯ. ಕ್ಲಚ್ ಪೂರ್ತಿ ಬಿಟ್ಟರೂ ಗಾಡಿ ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಸರಿಯುತ್ತದೆ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಬಾರದು.

ಟ್ರಾಲಿಗೆ ಪ್ರತ್ಯೇಕ ನೋಂದಣಿ, ಹಿಂದೆ ನಂಬರ್ ಪ್ಲೇಟು, ವಿಮೆ ಬೇಕು. ನಾವು ಎಳೆಯುವುದು ನಮ್ಮದೇ ತೋಟಗಳಿಗೆ. ಬಾಡಿಗೆಗೆ ಓಡಿಸುವವರು ಆರ್‌ಟಿಓ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ. ತಿಂಗಳಿಗೆ ಒಂದೆರಡು ಸಲ ಮಾತ್ರ ಯಂತ್ರ ಸಾಗಿಸುವವರಿಗೆ ಈ ಏರ್ಪಾಡು ಖಂಡಿತ ಲಾಭವಲ್ಲ, ಬಾಡಿಗೆ ಲಾರಿಯೇ ಸೈ. ನಮ್ಮ ಹಾಗೆ ವಾರಕ್ಕೆರಡು ಸಲ, ಅದೂ ಲಾರಿ ಹೋಗದ ಉಣಗೋಲಿನಾಚೆಗೆ ಹೋಗಬೇಕಾದವರು ಮಾಡಿಸಿಕೊಳ್ಳಬಹುದು.

ಉಳಿದಿರುವ ಕಿರಿಕಿರಿ ಒಂದೇ, ಏಳು ಪಿನ್ನಿನ ಸಾಕೆಟ್ಟು. ನಮ್ಮ ಮಳೆಗೆ ಅದರ ಮುಚ್ಚಳ ಸಾಲದು. ಕಳೆದ ಆಷಾಢದಲ್ಲಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಎಡಗಡೆಯ ಇಂಡಿಕೇಟರ್ ಸತ್ತುಹೋಗಿತ್ತು. ಈ ಸಲ ಪಿನ್ನುಗಳನ್ನು ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಮೇಲಿನಿಂದ ತೊಡಿಸಿದ್ದೇನೆ.